ಸೆಲ್ಲು ಇಳಿದರೂ ಬೆಳಕು ಇಳಿಯಬಾರದು

ನಮ್ಮ ಕಡೆ ಟಾರ್ಚಿಗೆ ಟಾರ್ಚು ಅನ್ನುವುದಿಲ್ಲ, ಬ್ಯಾಟರಿ ಅನ್ನುತ್ತೇವೆ. ಒಳಗೆ ಹಾಕುವುದು ಸೆಲ್ಲು. "ಬ್ಯಾಟ್ರಿ ತಗೊಂಡು ಹೋಗು, ಸೆಲ್ ಇಳದಾವೇನು ನೋಡು" ಅಂತ ಅವ್ವ ಅಂದರೆ ಮನೆಯಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಈ ಬರಹದಲ್ಲಿ ಸೆಲ್ಲಿನ ಮಾತು ಬಹಳ ಬರುತ್ತದೆ, ಅದಕ್ಕೇ ನಾನು ಟಾರ್ಚು ಅಂತಲೇ ಬರೆಯುತ್ತೇನೆ. ಅಪ್ಪನ ಬಾಯಲ್ಲಿ ಮಾತ್ರ ಅದು ಬ್ಯಾಟ್ರಿಯೇ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಗೆ ಹತ್ತಿರ. ನಾಲ್ಕು ಎಕರೆ ಕಬ್ಬು, ಮೂರು ಎಕರೆ ತೊಗರಿ. ಎಲ್ಲವೂ ಎರೆ ಭೂಮಿ. ಅಪ್ಪನಿಗೆ ಅರವತ್ತೆಂಟು. ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದರೆ ಸಂಜೆ ಚಹಾದ ಹೊತ್ತಿಗೆ ಊರಲ್ಲಿರುತ್ತೇನೆ.

ಹೋದ ವರ್ಷ ದೀಪಾವಳಿ ಮುಗಿದ ವಾರ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಿತ್ತು. ಹಾಗಾದಾಗ ಅಪ್ಪ ರಾತ್ರಿ ಹನ್ನೊಂದಕ್ಕೆ ಹೋಗಿ ಮೋಟಾರು ಚಾಲೂ ಮಾಡಿ, ಒಂದು ಸಾಲು ತುಂಬಿದ ಮೇಲೆ ಇನ್ನೊಂದಕ್ಕೆ ನೀರು ತಿರುವುತ್ತಾ ನಸುಕಿನ ತನಕ ಹೊಲದಲ್ಲೇ ಇರುತ್ತಾನೆ. ಆ ಶನಿವಾರ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಾ ಕುಳಿತಾಗ, ಏನೋ ಸಣ್ಣ ಸುದ್ದಿ ಹೇಳುವಂತೆ ಹೇಳಿದ.

"ಬದುವಿನ ಮ್ಯಾಲ ಬರ್ಲತಿದ್ದೆ. ಬುಸ್ ಅಂತ ಕೇಳ್ತು. ಕುಕ್ಕರ್ ಸೀಟಿ ಹೊಡಿಯೋದಕ್ಕ ಮೊದಲ ಹ್ಯಾಂಗ ಸುಯ್ ಅಂತದಲ್ಲ, ಹಾಂಗ. ನಿಂತಬಿಟ್ಟೆ. ಬ್ಯಾಟ್ರಿ ಬಗ್ಗಿಸಿ ನೋಡದ್ರ ಏನೂ ಕಾಣವಲ್ದು. ಮೊಬೈಲಿನ ಲೈಟ್ ಹಚ್ಚದೆ. ಒಂದು ಮಾರು ದೂರದಾಗ ಸುತಗೊಂಡು ಕುಂತದ, ಕೊಳಕುಮಂಡಲ."

ಅವ್ವ ತಟ್ಟೆಯಲ್ಲಿ ಕೈ ಹಾಗೇ ಇಟ್ಟುಕೊಂಡು ಕೂತಳು. ನಾನು ಕೇಳಿದೆ, "ಸೆಲ್ ಇಳದಿದ್ವೇನಪ್ಪಾ?"

"ಇಲ್ಲವ್ವಾ. ಮೊನ್ನೇನೇ ಹೊಸಾವು ಹಾಕೀನಿ. ಬೆಳಕು ಬರೋಬರಿನೇ ಇತ್ತು."

ಊಟ ಮುಗಿಸಿ ಆ ಟಾರ್ಚು ತೆಗೆದುಕೊಂಡು ಅಂಗಳಕ್ಕೆ ಬಂದೆ. ಮುಂದಿನ ಗಾಜು ಹಿಂದೆ ಮುಂದೆ ಸರಿಸಿದರೆ ಬೆಳಕಿನ ವೃತ್ತ ಹಿಗ್ಗಿ ಕುಗ್ಗುವ ಜೂಮ್ ಟಾರ್ಚು. ಸಂತೆಯಲ್ಲಿ 250 ರೂಪಾಯಿಗೆ ತಂದದ್ದು. ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ಮೂರು ಹಿಡಿಯುತ್ತದೆ. ಹಚ್ಚಿ ಹತ್ತು ಹೆಜ್ಜೆ ದೂರದ ಗೋಡೆಗೆ ಹಿಡಿದೆ. ಬೆಳಕು ಇತ್ತು, ಬಿಳಿಯಾಗಿಯೇ ಇತ್ತು. ಆಮೇಲೆ ಕಿರಾಣಿ ಅಂಗಡಿಯಿಂದ ಮೂರು ಹೊಸ ಸೆಲ್ಲು ತರಿಸಿ, ಬದಲಿಸಿ, ಅದೇ ಜಾಗದಲ್ಲಿ ನಿಂತು ಮತ್ತೆ ಹಚ್ಚಿದೆ. ಗೋಡೆಯ ಸುಣ್ಣ ಎದ್ದಿರುವುದು, ಗೂಟಕ್ಕೆ ಕಟ್ಟಿದ ಹಗ್ಗದ ಎಳೆ ಎಳೆ ಎಲ್ಲ ಕಂಡವು. ಅಪ್ಪ ಹಿಂದೆಯೇ ನಿಂತಿದ್ದ. ಬಹಳ ಹೊತ್ತು ಸುಮ್ಮನಿದ್ದು ಅಂದ:

"ಇಷ್ಟ್ ಕಡಿಮಿ ಆಗಿತ್ತೇನು? ನನಗ ಗೊತ್ತೇ ಆಗಿಲ್ಲಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಆ ರಾತ್ರಿ ಎಷ್ಟೋ ಹೊತ್ತಿನ ತನಕ ನಿದ್ದೆ ಬರಲಿಲ್ಲ. ಟಾರ್ಚು ಕೆಟ್ಟು ಆರಿಹೋಗಿದ್ದರೆ ಅಪ್ಪ ಅಲ್ಲಿಯೇ ನಿಲ್ಲುತ್ತಿದ್ದ. ಅದು ಆರಲಿಲ್ಲ. ಗೊತ್ತಾಗದಂತೆ ಕಡಿಮೆಯಾಗುತ್ತಾ ಹೋಗಿ, ಕಾಣುತ್ತಿದೆ ಅಂತ ನಂಬಿಸಿ, ಹಾವಿನ ಹತ್ತಿರದವರೆಗೂ ನಡೆಸಿಕೊಂಡು ಹೋಯಿತು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಕರ್ನಾಟಕ ಸರಕಾರ 2024ರಲ್ಲಿ ಆದೇಶ ಮಾಡಿತು. ಸುದ್ದಿ ಓದಿದಾಗ ತಲೆಯಾಡಿಸಿದ್ದೆ. ನಮ್ಮ ಬದುವಿನ ಮೇಲೆಯೇ ಅದು ನಡೆಯುವುದರಲ್ಲಿತ್ತು.

ಅಪ್ಪನಿಗೆ ಯಾಕೆ ಗೊತ್ತಾಗಲಿಲ್ಲ? ಇದಕ್ಕೆ ಎರಡು ಕಾರಣ. ಒಂದು ಕಣ್ಣಿನದು. ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ. ಬೆಳಕು ಅರ್ಧಕ್ಕೆ ಇಳಿದರೂ ನಮಗೆ ಸ್ವಲ್ಪ ಮಬ್ಬಾಯಿತು ಅನಿಸುತ್ತದೆ, ಅಷ್ಟೇ. ಅದೂ ಒಮ್ಮೆಗೇ ಇಳಿದರೆ. ಒಂದು ತಾಸಿನುದ್ದಕ್ಕೂ ನಿಧಾನಕ್ಕೆ ಇಳಿದರೆ, ಕತ್ತಲಿಗೆ ಹೊಂದಿಕೊಳ್ಳುತ್ತಾ ಇರುವ ಕಣ್ಣು ಅದರ ಜೊತೆಯಲ್ಲೇ ಇಳಿಯುತ್ತದೆ, ಅನುಮಾನ ಬರುವುದೇ ಇಲ್ಲ.

ಇನ್ನೊಂದು ಎಲ್‌ಇಡಿಯದು. ನಾನು ಸಣ್ಣವಳಿದ್ದಾಗ ಮನೆಯಲ್ಲಿ ಹಿತ್ತಾಳೆಯ ಟಾರ್ಚು ಇತ್ತು. ದಪ್ಪ ಸೆಲ್ಲು ಎರಡು, ಮುಂದೆ ಪುಟ್ಟ ಬಲ್ಬು. ಸೆಲ್ಲು ಇಳಿದರೆ ಅದರ ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಕೆಂಪಗಾಯಿತು ಅಂದರೆ ಸೆಲ್ಲು ಬದಲಿಸು ಅಂತ ಐದು ವರ್ಷದ ಹುಡುಗಿಗೂ ತಿಳಿಯುತ್ತಿತ್ತು. ಬಲ್ಬಿನಲ್ಲಿ ತಂತಿ ಕಾದು ಬೆಳಗುತ್ತದೆ. ಕಾವು ಕಡಿಮೆಯಾದರೆ ಬಣ್ಣವೇ ಬದಲಾಗುತ್ತದೆ. ಎಲ್‌ಇಡಿ ಹಾಗಲ್ಲ. ಟಾರ್ಚು ಆರಿಸಿ ಅದರ ಮೂತಿಯೊಳಗೆ ನೋಡಿ, ಒಂದು ಹಳದಿ ಚೌಕ ಕಾಣುತ್ತದೆ. ಅದು ಫಾಸ್ಫರ್ ಅನ್ನುವ, ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣ ಬದಲಿಸುವ ವಸ್ತುವಿನ ಲೇಪ. ಅದರ ಕೆಳಗಿರುವುದು ನೀಲಿ ಎಲ್‌ಇಡಿ. ನೀಲಿ ಬೆಳಕಿನ ಒಂದು ಪಾಲು ಲೇಪದಲ್ಲಿ ಹಳದಿಯಾಗಿ, ಎರಡೂ ಕೂಡಿ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಕರೆಂಟು ನೂರರಿಂದ ಹತ್ತಕ್ಕಿಳಿದರೂ ನೀಲಿ ಹಳದಿಯ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬೆಳಕು ಬಿಳಿಯಾಗಿಯೇ ಇದ್ದು ಬಡವಾಗುತ್ತಾ ಹೋಗುತ್ತದೆ. ಹಳೆಯ ಬಲ್ಬು ಕೊಡುತ್ತಿದ್ದ ಎಚ್ಚರಿಕೆ ಇದರಲ್ಲಿಲ್ಲ.

ಸೋಮವಾರ ಕಲಬುರಗಿಗೆ ಬಂದವಳೇ ಅಳತೆಗೆ ಕುಳಿತೆ. ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿಯಿಲ್ಲದ ಒಂದು ಸಾಮಾನಿನ ಕೋಣೆ ಇದೆ. ನೆಲದ ಮೇಲೆ ಟಾರ್ಚನ್ನು ಸೂರಿಗೆ ಮುಖ ಮಾಡಿ ನಿಲ್ಲಿಸಿ, ಎರಡು ಹೆಜ್ಜೆ ದೂರ ಮೊಬೈಲು ಮಲಗಿಸಿ, ಬೆಳಕು ಅಳೆಯುವ ಆ್ಯಪ್ ಚಾಲೂ ಮಾಡಿ ಬಾಗಿಲು ಹಾಕಿಕೊಂಡೆ. ಸೂರಿನಿಂದ ಮರಳಿ ಬಂದ ಬೆಳಕು ಎಷ್ಟು ಲಕ್ಸ್ ಅಂತ ಅದು ತೋರಿಸುತ್ತದೆ. ಮೊಬೈಲಿನ ಅಳತೆ ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ, ಆದರೆ ಒಂದೇ ಮೊಬೈಲು, ಒಂದೇ ಜಾಗ ಇದ್ದರೆ ಏರಿಳಿತ ತಿಳಿಯಲು ಸಾಕು. ಹೊಸ ಸೆಲ್ಲು ಹಾಕಿದ ಅಪ್ಪನ ಟಾರ್ಚು 48ರಿಂದ ಶುರುವಾಯಿತು. ಹತ್ತು ನಿಮಿಷಕ್ಕೆ 37. ಅರ್ಧ ತಾಸಿಗೆ 24. ಒಂದು ತಾಸಿಗೆ 13. ಎರಡು ತಾಸಿಗೆ 6. ಹನ್ನೊಂದಕ್ಕೆ ಹೊಲಕ್ಕೆ ಹೋದವನ ಕೈಯಲ್ಲಿ ರಾತ್ರಿ ಒಂದು ಹೊಡೆಯುವಷ್ಟರಲ್ಲಿ ಎಂಟರಲ್ಲಿ ಒಂದು ಪಾಲು ಬೆಳಕು. ಅಷ್ಟಾದರೂ ಎಲ್‌ಇಡಿ ಉರಿಯುತ್ತಲೇ ಇತ್ತು, ಅದರ ಡಬ್ಬಿಯ ಮೇಲೆ ಎಂಟು ತಾಸು ಅಂತ ಬರೆದಿತ್ತು.

ಈ ಎಂಟು ತಾಸು ಪೂರ್ತಿ ಸುಳ್ಳೂ ಅಲ್ಲ. ಟಾರ್ಚು ಅಳೆಯಲು ಎಫ್‌ಎಲ್‌1 ಅಂತ ಒಂದು ಅಮೆರಿಕನ್ ಮಾನದಂಡ ಇದೆ, 2009ರಲ್ಲಿ ಬಂದದ್ದು. ಒಳ್ಳೆಯ ಕಂಪನಿಗಳು ಅದನ್ನೇ ಅನುಸರಿಸುತ್ತವೆ. ಅದರಲ್ಲಿ ಬಾಳಿಕೆಯ ತಾಸು ಅಂದರೆ ಬೆಳಕು ಶುರುವಿನ ಶೇಕಡಾ 10ಕ್ಕೆ ಇಳಿಯುವ ತನಕದ ಹೊತ್ತು. ಹಾಗಾಗಿ ಮೊದಲ ತಾಸಿನಲ್ಲೇ ಮುಕ್ಕಾಲು ಬೆಳಕು ಕಳೆದುಕೊಂಡು ಉಳಿದ ಏಳು ತಾಸು ಮಿಣುಕುವ ಟಾರ್ಚಿಗೂ ಎಂಟು ತಾಸು ಅಂತ ಬರೆಯಬಹುದು. ಎಂಟು ತಾಸೂ ಒಂದೇ ಸಮನೆ ಉರಿಯುವುದಕ್ಕೂ ಅದೇ ಎಂಟು ತಾಸು. ಡಬ್ಬಿ ನೋಡಿ ಫರಕು ತಿಳಿಯುವುದಿಲ್ಲ. ಅದಕ್ಕೆ ಸಮಯಕ್ಕೆ ತಕ್ಕಂತೆ ಬೆಳಕು ಹೇಗೆ ಇಳಿಯಿತು ಅನ್ನುವ ಗ್ರಾಫು ಬೇಕು. ಗ್ರಾಫಿನಲ್ಲಿ ಗೆರೆ ಮೇಜಿನ ಹಾಗೆ ಸಪಾಟಾಗಿ ಹೋಗಿ ಕೊನೆಗೆ ಕೆಳಗೆ ಬಿದ್ದರೆ ಅದು ನನಗೆ ಬೇಕಾದ ಟಾರ್ಚು. ಶುರುವಿನಿಂದಲೇ ಗುಡ್ಡದ ಇಳಿಜಾರಿನಂತೆ ಇದ್ದರೆ ಬೇಡ.

ಈ ಸಪಾಟು ಗೆರೆ ಎಲ್ಲಿಂದ ಬರುತ್ತದೆ ಅಂತ ಅಪ್ಪನಿಗೆ ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ನಮ್ಮ ಕಬ್ಬಿನಲ್ಲಿ ಒಂದು ಎಕರೆಗೆ ಡ್ರಿಪ್ ಹಾಕಿದ್ದೇವೆ. ಆ ಹೊಲ ಸ್ವಲ್ಪ ಇಳಿಜಾರು. ಮೊದಲು ಹಾಕಿದ್ದ ಸಸ್ತಾ ಪೈಪಿನಲ್ಲಿ ಮೋಟಾರಿನ ಹತ್ತಿರದ ಗಿಡಕ್ಕೆ ನೀರು ಜಾಸ್ತಿ, ತುದಿಯ ಗಿಡಕ್ಕೆ ತೊಟ್ಟು. ಆಮೇಲೆ ಒತ್ತಡ ಸರಿದೂಗಿಸುವ ಡ್ರಿಪ್ಪರ್ ಇರುವ ಪೈಪು ಹಾಕಿಸಿದೆವು. ಅದರೊಳಗೆ ಒಂದು ತೆಳ್ಳನೆಯ ರಬ್ಬರ್ ಪೊರೆ ಇರುತ್ತದೆ. ಒತ್ತಡ ಹೆಚ್ಚಾದರೆ ಪೊರೆ ಬಾಗಿ ದಾರಿ ಸಣ್ಣದಾಗುತ್ತದೆ, ಕಡಿಮೆಯಾದರೆ ದಾರಿ ತೆರೆಯುತ್ತದೆ. ತಾಸಿಗೆ ಇಷ್ಟು ಲೀಟರ್ ಅಂದರೆ ಇಷ್ಟೇ. "ಬ್ಯಾಟ್ರಿ ಒಳಗೂ ಅಂಥಾದೊಂದು ಇರ್ತದಪ್ಪಾ" ಅಂದೆ. ಅಪ್ಪ ಒಂದು ಕ್ಷಣ ಯೋಚಿಸಿ ಕೇಳಿದ, "ಹಂಗಾರ ನನ್ನ ಬ್ಯಾಟ್ರಿದಾಗ ಪೊರಿ ಇಲ್ಲ?" ಇಲ್ಲ. ಸೆಲ್ಲು, ಸ್ವಿಚ್ಚು, ಎಲ್‌ಇಡಿ, ಹೆಚ್ಚೆಂದರೆ ಒಂದು ರೆಸಿಸ್ಟರ್. ಅಷ್ಟೇ.

ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಅದರ ಸ್ವಭಾವ ಏನೆಂದರೆ ವೋಲ್ಟೇಜು ತುಸುವೇ ಇಳಿದರೂ ಒಳಗೆ ಹರಿಯುವ ಕರೆಂಟು ಬಹಳ ಇಳಿದುಬಿಡುತ್ತದೆ. ಅಪ್ಪನ ಟಾರ್ಚಿನ ಮೂರು ಸೆಲ್ಲು ಸೇರಿ ಹೊಸದರಲ್ಲಿ 4.5 ವೋಲ್ಟ್. ಒಂದೊಂದೂ 1.1ಕ್ಕೆ ಬಂದರೆ ಒಟ್ಟು 3.3. ಸೆಲ್ಲಿನಲ್ಲಿ ಇನ್ನೂ ದಮ್ಮು ಇರುತ್ತದೆ, ಬೆಳಕು ಮಾತ್ರ ಅಷ್ಟರಲ್ಲಿ ಸತ್ತಿರುತ್ತದೆ. ಡ್ರೈವರ್ ಅಂತ ಕರೆಯುವ ಚಿಕ್ಕ ಸರ್ಕಿಟ್ಟು ನಡುವೆ ಕೂತು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದರೆ ಬೆಳಕು ನಿಲ್ಲುತ್ತದೆ. ಅದರಲ್ಲಿ ಮೂರು ಬಗೆ. ಸೆಲ್ಲಿನ ವೋಲ್ಟೇಜು ಎಲ್‌ಇಡಿಗಿಂತ ಜಾಸ್ತಿ ಇದ್ದಾಗ ಹೆಚ್ಚಿನದನ್ನು ಬಿಸಿಯಾಗಿ ಕಳೆಯುವುದು ಲೀನಿಯರ್. ಅದೇ ಕೆಲಸವನ್ನು ಕಾಯಿಲ್ ಬಳಸಿ ಕಡಿಮೆ ನಷ್ಟದಲ್ಲಿ ಮಾಡುವುದು ಬಕ್. ಸೆಲ್ಲಿನ ವೋಲ್ಟೇಜು ಸಾಲದಿದ್ದಾಗ ಎತ್ತಿಕೊಡುವುದು ಬೂಸ್ಟ್. ಅಗ್ಗದ ಒಳ್ಳೆಯ ಟಾರ್ಚುಗಳಲ್ಲಿ ಹೆಚ್ಚಾಗಿ ಕಾಣುವುದು ಲೀನಿಯರ್, ಅದರಲ್ಲೂ 7135 ಅನ್ನುವ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ಪು. ಒಂದು ಚಿಪ್ಪು ಸುಮಾರು 350 ಮಿಲಿಆಂಪ್ ಹಿಡಿಯುತ್ತದೆ. ಎರಡು ಹಾಕಿದರೆ 700, ನಾಲ್ಕು ಹಾಕಿದರೆ 1,400. ಟಾರ್ಚಿನ ಹವ್ಯಾಸಿಗಳ ನಡುವೆ ಹೆಸರು ಮಾಡಿದ ಕಾನ್ವಾಯ್ ಎಸ್‌2 ಪ್ಲಸ್ ಎಂಬ ಚೀನೀ ಟಾರ್ಚು ಇಂಥ ಚಿಪ್ಪುಗಳನ್ನು ಸಾಲಾಗಿ ಜೋಡಿಸಿಯೇ ಜನರ ನಂಬಿಕೆ ಗಳಿಸಿದ್ದು. ಲೀನಿಯರಿನಲ್ಲಿ ನಷ್ಟ ಇದೆ. ತುಂಬಿದ ಲಿಥಿಯಂ ಸೆಲ್ಲು 4.2 ವೋಲ್ಟ್, ಎಲ್‌ಇಡಿ ಬಳಸುವುದು 3, ಉಳಿದದ್ದು ಬಿಸಿ. ಆದರೆ ಸೆಲ್ಲು 3.6ಕ್ಕೆ ಬರುವಷ್ಟರಲ್ಲಿ ಆರರಲ್ಲಿ ಐದು ಪಾಲು ಎಲ್‌ಇಡಿಗೇ ಸಿಗುತ್ತದೆ. ಈ ಬೆಲೆಗೆ ಅದು ನನಗೆ ಒಪ್ಪಿಗೆ.

ಮುಂದಿನ ಭಾನುವಾರ ಊರಿಗೆ ಹೋಗದೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿ ಸಾಲು ತಿರುಗಿದೆ. ಪರ್ಸಿನಲ್ಲಿ ಅರ್ಧ ಸವೆದ ಪೆನ್ಸಿಲ್ ಸೆಲ್ಲು ಒಂದು, ಹೊಸದು ಒಂದು ಇಟ್ಟುಕೊಂಡಿದ್ದೆ. ಹೊಸದು ಹಾಕಿ ಗೋಡೆಗೆ ಹಿಡಿ, ತೆಗೆದು ಸವೆದದ್ದು ಹಾಕಿ ಹಿಡಿ. ಬೆಳಕು ಒಂದೇ ಇದ್ದರೆ ಒಳಗೆ ಪೊರೆ ಇದೆ ಅಂತ ಅರ್ಥ. ಇದಕ್ಕಿಂತ ಸರಳ ಪರೀಕ್ಷೆ ನನಗೆ ಗೊತ್ತಿಲ್ಲ, ಒಂದು ನಿಮಿಷವೂ ಹಿಡಿಯುವುದಿಲ್ಲ. ಮೊದಲ ಎರಡು ಅಂಗಡಿಯಲ್ಲಿ ಡಬ್ಬಿಯ ಮೇಲಿನ ಸಂಖ್ಯೆಗಳನ್ನೇ ಓದಿ ಹೇಳಿದರು. ಎರಡು ಕಿಲೋಮೀಟರ್ ಹೊಡೆಯುತ್ತದೆ, ಲಕ್ಷ ಲುಮೆನ್ ಬೆಳಕು ಕೊಡುತ್ತದೆ ಅಂತ. ಸೆಲ್ಲು ಬದಲಿಸಲು ಬಿಡಲಿಲ್ಲ. ಮೂರನೆಯದರಲ್ಲಿ ವಯಸ್ಸಾದ ಮಾಲೀಕರು ಕುತೂಹಲದಿಂದ ತಾವೇ ಹತ್ತು ಟಾರ್ಚು ಹೊರಗಿಟ್ಟರು. "ಮೂವತ್ತು ವರ್ಷ ಆಯ್ತ್ರೀ ಅಂಗಡಿ ಇಟ್ಟು. ಹಳೀ ಸೆಲ್ ತಗೊಂಡು ಬಂದವ್ರು ನೀವ ಮೊದಲ್ರಿ" ಅಂದರು. ಶಟರ್ ಅರ್ಧ ಇಳಿಸಿ ಕತ್ತಲೆ ಮಾಡಿಕೊಟ್ಟರು. ಹತ್ತರಲ್ಲಿ ಎರಡು ಪಾಸಾದವು. ಎರಡೂ ಒಂದೇ ಪೆನ್ಸಿಲ್ ಸೆಲ್ಲಿನವು.

ಒಂದು ಮಾತು ಹೇಳಬೇಕು. 1.5 ವೋಲ್ಟಿನ ಒಂದೇ ಸೆಲ್ಲಿನಲ್ಲಿ ಬಿಳಿ ಎಲ್‌ಇಡಿ ಹತ್ತುವುದೇ ಇಲ್ಲ. ಹಾಗಾಗಿ ಒಂದು ಸೆಲ್ಲಿನ ಟಾರ್ಚು ಅಂದರೆ ಬೂಸ್ಟ್ ಸರ್ಕಿಟ್ಟು ಇರಲೇಬೇಕು. ಆದರೆ ಎತ್ತಿಕೊಡುವ ಎಲ್ಲ ಸರ್ಕಿಟ್ಟೂ ಒಂದೇ ಸಮ ಎತ್ತಿಕೊಡುವುದಿಲ್ಲ. ಉಳಿದ ಎಂಟರಲ್ಲಿ ಮೂರು ಹಾಗೆಯೇ ಸೋತವು.

ಪಾಸಾದ ಎರಡರಲ್ಲಿ ಒಂದನ್ನು 420 ರೂಪಾಯಿ ಕೊಟ್ಟು ಅವ್ವನಿಗೆ ತೆಗೆದುಕೊಂಡೆ. ಹಿತ್ತಲಿಗೆ, ದನದ ಕೊಟ್ಟಿಗೆಗೆ ಅದು ಸಾಕು. ಪೆನ್ಸಿಲ್ ಸೆಲ್ಲು ನಮ್ಮೂರ ಕಿರಾಣಿಯಲ್ಲೂ ಸಿಗುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ಚಾರ್ಜು ಮಾಡುವ ನಿಕಲ್ ಸೆಲ್ಲು ಹಾಕಿದರೆ ಇನ್ನೂ ಒಳ್ಳೆಯದು. ಅದು 1.2 ವೋಲ್ಟಿನಲ್ಲಿ ಬಹಳ ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ಮೂಲೆಯಲ್ಲಿ ಮರೆತುಬಿಟ್ಟ ಸಾದಾ ಸೆಲ್ಲಿನಂತೆ ಸೋರಿ, ಉಪ್ಪು ಕಟ್ಟಿ ಟಾರ್ಚನ್ನೇ ಹಾಳು ಮಾಡುವ ಭಯವೂ ಕಡಿಮೆ.

ಅಪ್ಪನಿಗೆ ಐದಾರು ತಾಸಿನ ಬೆಳಕು ಬೇಕು. ಅದಕ್ಕೆ 18650 ಸೆಲ್ಲಿನ ಟಾರ್ಚೇ ಸರಿ ಅಂತ ತೀರ್ಮಾನಿಸಿದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಇದನ್ನು ಕೊಳ್ಳುವಾಗ ಬಹಳ ಎಚ್ಚರ ಬೇಕು, ಯಾಕೆಂದರೆ ಮೋಸ ಇರುವುದು ಟಾರ್ಚಿಗಿಂತ ಸೆಲ್ಲಿನಲ್ಲಿ. ಎಂಎಎಚ್ ಅಂದರೆ ಸೆಲ್ಲು ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ. 9,900 ಎಂಎಎಚ್ ಅಂತ ಮೈಮೇಲೆ ಬರೆದ ಸೆಲ್ಲು 120 ರೂಪಾಯಿಗೆ ಸಿಗುತ್ತದೆ. ಈ ಗಾತ್ರದ ಸೆಲ್ಲಿನಲ್ಲಿ ಖರೆ ಸಿಗುವುದು ಸಾಮಾನ್ಯವಾಗಿ 3,500ರ ಆಸುಪಾಸಿನ ತನಕ. ಅಂಥದೊಂದು ಸೆಲ್ಲನ್ನೂ, ಹೆಸರಾಂತ ಕಂಪನಿಯ 3,000 ಎಂಎಎಚ್ ಸೆಲ್ಲನ್ನೂ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಇಟ್ಟೆ. ಒಳ್ಳೆಯದು 46 ಗ್ರಾಂ. 9,900 ಅಂತ ಬರೆದದ್ದು 29 ಗ್ರಾಂ. ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತು ನೋಡಿದರು. ಒಬ್ಬಳು ಎರಡನ್ನೂ ಎರಡು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ, ಇದರಾಗ ಏನೂ ಇಲ್ರಿ ಮಿಸ್ ಅಂದಳು. ತಕ್ಕಡಿ ಇಲ್ಲದವರಿಗೂ ಇಷ್ಟು ಸಾಕು.

ಸಂತೆಯಲ್ಲಿ ಸಿಗುವ, ಹಿಂದೆ ಎರಡು ಪಿನ್ನು ಚಾಚಿ ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವ ಟಾರ್ಚುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 4 ವೋಲ್ಟಿನ ಸೀಸದ ಬ್ಯಾಟರಿ. ಖಾಲಿಯಾದ ಮೇಲೆ ಚಾರ್ಜು ಮಾಡದೆ ಒಂದೆರಡು ತಿಂಗಳು ಬಿಟ್ಟರೆ ಅದು ಮತ್ತೆ ಏಳುವುದಿಲ್ಲ. ಸಸ್ತಾ ಮಾಡಲು ಟ್ರಾನ್ಸ್‌ಫಾರ್ಮರ್ ಇಲ್ಲದೆ ಮಾಡಿದ ಚಾರ್ಜಿಂಗು ಒದ್ದೆ ಕೈಗೆ ಅಪಾಯ. ನಮ್ಮ ಕಾಕಾನ ಮನೆಯ ಅಟ್ಟದ ಮೇಲೆ ಇಂಥವು ನಾಲ್ಕು ಸತ್ತು ಬಿದ್ದಿವೆ.

ಆನ್‌ಲೈನಿನಲ್ಲಿ ಹುಡುಕಿ ತರಿಸಿದ ಟಾರ್ಚಿಗೆ 1,150, ಎರಡು ಸೆಲ್ಲಿಗೆ 640, ಚಾರ್ಜರಿಗೆ 190. ಒಟ್ಟು 1,980. ಅಪ್ಪನಿಗೆ ಬೆಲೆ ಕೇಳಿ ಸಿಟ್ಟು ಬಂತು. ಕೂತು ಲೆಕ್ಕ ಹಾಕಿದೆವು. ರಾತ್ರಿ ಪಾಳಿಯ ವಾರದಲ್ಲಿ ಮೂರು ಸಲ ಸೆಲ್ಲು ಬದಲಿ, ಸಲಕ್ಕೆ 36 ರೂಪಾಯಿ. ತಿಂಗಳಲ್ಲಿ ಎರಡು ವಾರ ಅಂತ ಹಿಡಿದರೆ 216. ಹತ್ತು ತಿಂಗಳಿಗೆ ಹಣ ಸಮ. ಆಮೇಲೆ ಸುಮ್ಮನಾದ.

ಯಾವ ಕಂಪನಿ ಅಂತ ಕೇಳುವವರಿಗೆ ನಾನು ಮಾಡೆಲ್ಲಿನ ಹೆಸರು ಹೇಳುತ್ತಿಲ್ಲ. ಅದೇ ಹೆಸರಿನಲ್ಲಿ ಒಳಗಿನ ಡ್ರೈವರು ಬದಲಾಗುವುದುಂಟು. ನಾನು ನೋಡಿದ್ದು ಹೇಳುತ್ತೇನೆ. ಮಾರುವವರು ಬಾಳಿಕೆಯ ಗ್ರಾಫು ಕೊಟ್ಟಿದ್ದಾರೆಯೇ, ಬೇರೆಯವರು ಅಳೆದು ತೋರಿಸಿದ್ದಾರೆಯೇ ಅಂತ ಮೊದಲು ನೋಡಿದೆ. ಮಿಂಚಿ ಮಿಂಚಿ ಉರಿಯುವ ಸ್ಟ್ರೋಬ್ ಮೋಡು ಗುಂಡಿ ಒತ್ತುವ ಸರದಿಯಲ್ಲಿ ಇರಬಾರದು ಅಂತ ಹಟ ಹಿಡಿದೆ. ಬದುವಿನ ಮೇಲೆ ನಿಂತು ಬೆಳಕು ಜಾಸ್ತಿ ಮಾಡಲು ಹೋಗಿ ಕಣ್ಣು ಕೋರೈಸುವ ಮಿಂಚು ಬಂದರೆ ಏನು ಮಾಡುವುದು? ನೀರಿಗೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಡೆಯಬೇಕು. ಕಾಲುವೆಯಲ್ಲಿ ಬೀಳುವುದು ಇದ್ದದ್ದೇ. ಮಧ್ಯಮ ಬೆಳಕಿನ ಮೋಡಿನಲ್ಲಿ ಹಚ್ಚಿ ಮೊಬೈಲ್ ಕ್ಯಾಮರಾದಲ್ಲಿ ನೋಡಿದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಬಾರದು. ಓಡಿದರೆ, ಬೆಳಕನ್ನು ವೇಗವಾಗಿ ಹಚ್ಚಿ ಆರಿಸಿ ಕಡಿಮೆ ಮಾಡುತ್ತಿದ್ದಾರೆ ಅಂತ ಅರ್ಥ. ಆ ಮಿಣುಕಿನ ವೇಗ ಸಾಲದಿದ್ದರೆ ಹರಿಯುವ ನೀರು, ಸರಿಯುವ ಹಾವು ತುಂಡು ತುಂಡಾಗಿ ಕಾಣುತ್ತವೆ.

ಬೆಳಕಿನ ಆಕಾರದ ಬಗ್ಗೆ ನಾನು ಮೊದಲು ಯೋಚಿಸಿರಲಿಲ್ಲ, ಅಪ್ಪನೇ ಕಲಿಸಿದ. ಜೂಮ್ ಟಾರ್ಚನ್ನು ಪೂರ್ತಿ ಮುಂದಕ್ಕೆಳೆದರೆ ಗೋಡೆಯ ಮೇಲೆ ಎಲ್‌ಇಡಿಯದೇ ಚೌಕದ ಪಡಿಯಚ್ಚು ಬೀಳುತ್ತದೆ. ಸುತ್ತ ಕತ್ತಲು. ದೂರದ ಕಬ್ಬಿನೊಳಗೆ ಹಂದಿ ಹೊಕ್ಕಿದೆಯೇ ನೋಡಲು ಅದು ಚೆಂದ, ಆದರೆ ಕಾಲ ಬುಡದಲ್ಲಿ ಏನೂ ಕಾಣುವುದಿಲ್ಲ. ಒಳಗೆ ಬಟ್ಟಲಿನಂಥ ಪ್ರತಿಫಲಕ ಇರುವ ಟಾರ್ಚಿನಲ್ಲಿ ನಡುವೆ ಗಟ್ಟಿ ಬೆಳಕು, ಸುತ್ತ ಅಗಲವಾದ ತೆಳು ಬೆಳಕು ಎರಡೂ ಇರುತ್ತವೆ. ನಡೆಯುವವನಿಗೆ ಬೇಕಾದದ್ದು ಆ ತೆಳು ಬೆಳಕು. ಇನ್ನು ದೂರದ ಲೆಕ್ಕ. ಎಫ್‌ಎಲ್‌1ರ ಪ್ರಕಾರ 100 ಮೀಟರ್ ಅಂದರೆ ಆ ದೂರದಲ್ಲಿ ಬೆಳಕು 0.25 ಲಕ್ಸ್, ಹುಣ್ಣಿಮೆಯ ಬೆಳದಿಂಗಳಷ್ಟು. ಅದರ ಅರ್ಧ ದೂರಕ್ಕೆ ನಾಲ್ಕು ಪಟ್ಟು ಬೆಳಕಿರುತ್ತದೆ. 50 ಮೀಟರ್ ತನಕ ಕೆಲಸಕ್ಕೆ ಬರುತ್ತದೆ ಅಂತ ನಾನು ಹಿಡಿಯುತ್ತೇನೆ.

ಬಣ್ಣವನ್ನೂ ಆರಿಸಿಕೊಂಡೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಯ ಕಡೆಗೆ. ನೀಲಿಗೆ ಹತ್ತಿರದ 6,500 ಕೆಲ್ವಿನ್ ಬಿಡಿ, 4,000 ಅಥವಾ 5,000 ಕೆಲ್ವಿನ್ ತೆಗೆದುಕೊಳ್ಳಿ. ಎರೆ ಮಣ್ಣು, ಒಣಗಿದ ಕಬ್ಬಿನ ರವದಿ, ಅದರ ಮೇಲೆ ಕಂದು ಮಚ್ಚೆಯ ಕೊಳಕುಮಂಡಲ. ನೀಲಿ ಬೆಳಕಿನಲ್ಲಿ ಇವೆಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ತುಸು ಬೆಚ್ಚನೆಯ ಬೆಳಕಿನಲ್ಲಿ ಕಂದು ಕಂದಾಗಿ ಕಾಣುತ್ತದೆ.

ಹೊಸ ಟಾರ್ಚನ್ನು ಊರಿನ ಮನೆಯಲ್ಲೇ ಅಳೆದೆ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮಧ್ಯದ ಮೋಡು, 700 ಮಿಲಿಆಂಪ್. ಶುರುವಿಗೆ 52. ಹತ್ತು ನಿಮಿಷಕ್ಕೆ 51. ಒಂದು ತಾಸಿಗೆ 50. ಎರಡು ತಾಸಿಗೆ 50. ಮೂರು ತಾಸಿಗೆ 49. ಅಪ್ಪ ಪ್ರತಿ ಸಲ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಮೂರು ತಾಸು ಐವತ್ತು ನಿಮಿಷಕ್ಕೆ 41. ಅಲ್ಲಿಂದ ಬೇಗ ಇಳಿದು, ನಾಲ್ಕು ತಾಸಿನ ಹೊತ್ತಿಗೆ ಟಾರ್ಚು ಎರಡು ಸಲ ಮಿಟುಕಿತು. 3,000 ಎಂಎಎಚ್ ಸೆಲ್ಲಿಗೆ 700ರ ಲೆಕ್ಕದಲ್ಲಿ ನಾಲ್ಕು ತಾಸು ಕಾಲು ಬರಬೇಕಿತ್ತು, ಹೆಚ್ಚುಕಡಿಮೆ ಅಷ್ಟೇ ಬಂತು.

ಆಗ ಅಪ್ಪ ಕೇಳಿದ ಪ್ರಶ್ನೆ ನ್ಯಾಯವಾದದ್ದು. "ನಡು ಹೊಲದಾಗ ಪಟ್ಟನೆ ಹೋದ್ರ ಏನ್ ಮಾಡ್ಲಿ? ಹಳೀದು ಮಿಣಿಮಿಣಿ ಅಂತ ಆದ್ರೂ ಮನಿ ಮುಟ್ಟಿಸ್ತಿತ್ತು." ಇದು ಸ್ಥಿರ ಬೆಳಕಿನ ಟಾರ್ಚಿನ ನಿಜವಾದ ಕೊರತೆ, ಮುಚ್ಚಿಡುವ ಮಾತಲ್ಲ. ಒಳ್ಳೆಯ ಬೂಸ್ಟ್ ಟಾರ್ಚು ಸೆಲ್ಲಿನ ಕೊನೆಯ ಹನಿಯ ತನಕ ಪೂರ್ತಿ ಬೆಳಗಿ ಒಮ್ಮೆಲೇ ನಿಲ್ಲಬಹುದು. ಲೀನಿಯರ್ ಅಷ್ಟು ಕಠಿಣವಲ್ಲ. ಸೆಲ್ಲು ಎಲ್‌ಇಡಿಯ ಮಟ್ಟಕ್ಕಿಳಿದಾಗ ಬೆಳಕು ಕಣ್ಣಿಗೆ ಕಾಣುವಂತೆ ಕುಸಿಯುತ್ತದೆ, ಮಿಟುಕಿ ಹೇಳುತ್ತದೆ, ಕಡಿಮೆ ಮೋಡಿಗೆ ಹಾಕಿದರೆ ಇನ್ನೂ ಬಹಳ ಹೊತ್ತು ನಡೆಸುತ್ತದೆ. ನಾನು ಎರಡು ಸೆಲ್ಲು ತಂದದ್ದೂ ಅದಕ್ಕೇ. ಮಿಟುಕಿದ ಕೂಡಲೇ ಬದು ಬಿಟ್ಟು ಸ್ಟಾರ್ಟರ್ ಪೆಟ್ಟಿಗೆಯ ಕಟ್ಟೆ ಮೇಲೆ ಕೂತು ಬದಲಿಸು ಅಂದೆ. ಬೇಸಿಗೆಯಲ್ಲಿ ಆ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನೊಳಗೆ ಸೆಲ್ಲು ಬಿಟ್ಟು ಬರಬೇಡ ಅಂತಲೂ ಹೇಳಿದೆ. ನಮ್ಮ ಬಿಸಿಲಿಗೆ ಪತ್ರಾಸಿನ ಕೆಳಗಿನ ಕಾವು ಲಿಥಿಯಂ ಸೆಲ್ಲಿನ ಆಯುಷ್ಯ ತಿನ್ನುತ್ತದೆ. ಚಾರ್ಜರು 4.2 ವೋಲ್ಟಿಗೆ ನಿಲ್ಲುತ್ತದೆಯೇ ಅಂತ ಶಾಲೆಯ ಮಲ್ಟಿಮೀಟರಿನಲ್ಲಿ ಮೊದಲೇ ನೋಡಿದ್ದೆ, 4.19 ಬಂತು. ನೀವೂ ಒಮ್ಮೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನೋಡಿಸಿ.

ಉಳಿದದ್ದು ಒಂದು ಚಿಂತೆ. ಬಿಡಿ ಸೆಲ್ಲನ್ನು ಜೇಬಿನಲ್ಲಿ ಚಿಲ್ಲರೆ ಕಾಸು, ಕೀಲಿಕೈ ಜೊತೆ ಹಾಕಿದರೆ ಎರಡೂ ತುದಿ ಕೂಡಿ ಸುಟ್ಟುಹೋಗಬಹುದು. ಪ್ಲಾಸ್ಟಿಕ್ ಡಬ್ಬಿ ತರಿಸುತ್ತೇನೆ ಅಂತ ಹೇಳಿ ಬಂದಿದ್ದೆ, ಮರೆತೇಬಿಟ್ಟೆ. ಮುಂದಿನ ಶನಿವಾರ ಹೋದಾಗ ಅಪ್ಪ ಅವ್ವನ ಗುಳಿಗೆಯ ಖಾಲಿ ಕೊಳವೆಯೊಂದನ್ನು ತೋರಿಸಿದ, ನೀರಿಗೆ ಹಾಕಿದರೆ ಬುರುಗು ಏಳುವ ಗುಳಿಗೆಯದು. 18650 ಅದರಲ್ಲಿ ಸಲೀಸಾಗಿ ಕೂತಿತ್ತು. ಅಲುಗಾಡದಂತೆ ಮೇಲೊಂದು ಅರಳೆಯ ಉಂಡೆ ಇಟ್ಟಿದ್ದ. ತುಂಬಿದ ಸೆಲ್ಲಿದ್ದರೆ ಕೊಳವೆ ಬಲಗಡೆಯ ಜೇಬಿನಲ್ಲಿ, ಖಾಲಿಯದಾದರೆ ಎಡಗಡೆ. ರಾತ್ರಿ ಹನ್ನೊಂದಕ್ಕೆ ಪಂಚೆ ಎತ್ತಿ ಕಟ್ಟಿ ಹೊರಟವನು ಬಾಗಿಲಲ್ಲಿ ನಿಂತು ಬಲ ಜೇಬು ಮುಟ್ಟಿ ನೋಡಿಕೊಂಡು ಮೆಟ್ಟಿಲಿಳಿದ.